ಹಿತ್ತಲದ ಹ್ಯಾಟಿ ಮತ್ತು ಡೈನೋಸಾರ್ ಮನೆತನ

ಪ್ರಶ್ನೆ: "ನಮ್ಮದು ಗದಗ ಜಿಲ್ಲೆಯ ಒಂದು ಹಳ್ಳಿ. ಹಿತ್ತಲದಾಗ ನಾಲ್ಕಾರು ಜವಾರಿ ಕೋಳಿ ಅದಾವ್ರಿ. ಎಂಟನೇ ಇಯತ್ತೆ ಓದೋ ಮಗಳು 'ಅಪ್ಪಾ, ಈ ಹ್ಯಾಟಿ ಡೈನೋಸಾರ್ ಐತಿ' ಅಂತ ವಾದ ಹೂಡ್ಯಾಳ. ಡೈನೋಸಾರ್ ಅಂದ್ರ ಹಲ್ಲಿಯಂಗ ಹುರುಪಿ ಮೈಯಿಂದು ಅಲ್ಲೇನ್ರಿ? ಅವೆಲ್ಲಾ ಸತ್ತುಹೋದ ಮ್ಯಾಲೆ ಕೋಳಿ ಹೆಂಗ ಉಳೀತು? ಇದು ಸಾಬೀತಾದ ಮಾತೋ, ಬರೇ ಊಹೆಯೋ? ಇನ್ನೊಂದು, ನಮ್ಮ ಕಪ್ಪತಗುಡ್ಡದಾಗ ಹುಡುಕಿದ್ರ ಡೈನೋಸಾರ್ ಎಲುಬು ಸಿಗಬಹುದೇನ್ರಿ?"

ಉತ್ತರ:

ಮಗಳ ಮಾತು ಸರಿ. ಈ ವಾದದಲ್ಲಿ ನೀವು ಸೋತಿರಿ ಎನ್ನದೆ ಬೇರೆ ದಾರಿಯಿಲ್ಲ. ಕೋಳಿ ಡೈನೋಸಾರ್‌ನ ಹಾಗೆ ಕಾಣುತ್ತದೆ ಎಂಬ ಅರ್ಥದಲ್ಲಲ್ಲ. ಡೈನೋಸಾರ್‌ಗಳ ಗುಂಪಿನೊಳಗೆ ಹುಟ್ಟಿ, ಆ ಗುಂಪಿನೊಳಗೇ ಇರುವ ಪ್ರಾಣಿ ಎಂಬ ಅರ್ಥದಲ್ಲಿ. ಒಂದು ದೊಡ್ಡ ಮನೆತನದ ಹತ್ತು ಕವಲುಗಳಲ್ಲಿ ಒಂಬತ್ತು ಅಳಿದು ಒಂದೇ ಕವಲು ಉಳಿದರೆ, ಆ ಕವಲಿನವರ ಅಡ್ಡಹೆಸರನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಇವತ್ತು ಭೂಮಿಯ ಮೇಲೆ ಸುಮಾರು 11,000 ಜಾತಿಯ ಹಕ್ಕಿಗಳಿವೆ. ಹಾಗೆ ಲೆಕ್ಕ ಹಾಕಿದರೆ ಡೈನೋಸಾರ್‌ಗಳ ಜಾತಿಗಳು ಇವತ್ತಿಗೂ ಸಸ್ತನಿಗಳಿಗಿಂತ ಹೆಚ್ಚೇ ಇವೆ.

ಆದರೆ ನಿಮ್ಮ ಹ್ಯಾಟಿ ಟೈರನೋಸಾರಸ್‌ನ ಮೊಮ್ಮಗಳಲ್ಲ. ಮಕ್ಕಳ ಪುಸ್ತಕಗಳಲ್ಲಿ ಹಾಗೊಂದು ಚಿತ್ರ ಬರುತ್ತಿರುತ್ತದೆ. ಎರಡು ಕಾಲಿನ ಮೇಲೆ ನಡೆಯುತ್ತಿದ್ದ, ಬಹುಪಾಲು ಮಾಂಸಾಹಾರಿಗಳಾಗಿದ್ದ ಥೆರೋಪಾಡ್ ಎಂಬ ಗುಂಪಿನಿಂದ ಎರಡೂ ಬಂದವು. ಟೈರನೋಸಾರಸ್ ಬದುಕಿದ್ದು ಡೈನೋಸಾರ್ ಯುಗದ ಕೊನೆಗೆ. ಹಕ್ಕಿಗಳು ಅದಕ್ಕೂ 8 ಕೋಟಿ ವರ್ಷ ಮೊದಲೇ ಬೇರೆ ಕವಲಾಗಿದ್ದವು. ದೂರದ ದಾಯಾದಿ ಅನ್ನಿ. ಇನ್ನು ಉದ್ದ ಕತ್ತಿನ ಸಸ್ಯಾಹಾರಿಗಳು, ಮೂರು ಕೋಡಿನವು ಇನ್ನೂ ದೂರದವು.

ಹಲ್ಲಿಯ ವಿಚಾರ ತೆಗೆದಿರಲ್ಲ, ಅಲ್ಲೊಂದು ಸೋಜಿಗವಿದೆ. ಬದುಕಿರುವ ಪ್ರಾಣಿಗಳಲ್ಲಿ ಹಕ್ಕಿಗಳಿಗೆ ತೀರ ಹತ್ತಿರದ ಬಂಧು ಮೊಸಳೆ. ದಾಂಡೇಲಿ ಕಡೆ ಹೋದವರು ಕಾಳಿ ನದಿಯ ದಂಡೆಯಲ್ಲಿ ಬಾಯಿ ತೆರೆದು ಬಿಸಿಲು ಕಾಯುವ ಮೊಸಳೆ ನೋಡಿರುತ್ತಾರೆ. ಆ ಮೊಸಳೆ ನಿಮ್ಮ ಗೋಡೆಯ ಹಲ್ಲಿಗಿಂತ ನಿಮ್ಮ ಹ್ಯಾಟಿಗೆ ಹತ್ತಿರ. ಹಲ್ಲಿಯ ಹೃದಯದಲ್ಲಿ ಮೂರು ಕೋಣೆ. ಮೊಸಳೆಗೂ ಕೋಳಿಗೂ ನಾಲ್ಕು. ಮೊಸಳೆ ಗೂಡು ಮಾಡಿ ತತ್ತಿ ಕಾಯುತ್ತದೆ, ಒಳಗಿನ ಮರಿ ಕೂಗಿದರೆ ಓಗೊಟ್ಟು ಗೂಡು ತೋಡುತ್ತದೆ. ಹಾಗಾಗಿ ಡೈನೋಸಾರ್ ಎಂದರೆ ದೊಡ್ಡ ಹಲ್ಲಿ ಎಂಬ ಚಿತ್ರವನ್ನು ಮೊದಲು ತಲೆಯಿಂದ ತೆಗೆದುಹಾಕಿ. ಮುಂದಿನದೆಲ್ಲ ಸಲೀಸಾಗುತ್ತದೆ.

ಈಗ ನಿಮ್ಮ ಗಟ್ಟಿ ಪ್ರಶ್ನೆಗೆ ಬರೋಣ: ಇದು ಊಹೆಯೋ, ಸಾಬೀತೋ? ಈ ವಿಷಯ ಬಂದೊಡನೆ ಎಲ್ಲರೂ ಗರಿಯ ಮಾತು ಎತ್ತುತ್ತಾರೆ. ಪ್ರಾಣಿಶಾಸ್ತ್ರ ಕಲಿಸಿದವನಾಗಿ ನನಗೆ ಗರಿಗಿಂತ ಎಲುಬಿನ ಮೇಲೆ ಹೆಚ್ಚು ನಂಬಿಕೆ. ಗರಿ ಕಣ್ಣಿಗೆ ಬೀಳುತ್ತದೆ, ಫೋಟೋಕ್ಕೆ ಚೆಂದ. ಆದರೆ ಒಂದೂ ಗರಿ ಸಿಗುವ ಮೊದಲೇ ಎಲುಬುಗಳು ಈ ಮೊಕದ್ದಮೆಯನ್ನು ಹೆಚ್ಚುಕಡಿಮೆ ಗೆದ್ದಿದ್ದವು.

ಡಾರ್ವಿನ್‌ನ ಪುಸ್ತಕ ಬಂದದ್ದು 1859ರಲ್ಲಿ. ಎರಡೇ ವರ್ಷಕ್ಕೆ, 1861ರಲ್ಲಿ, ಜರ್ಮನಿಯ ಬವೇರಿಯಾದ ಸೋಲ್ನ್‌ಹೋಫೆನ್ ಸುಣ್ಣಕಲ್ಲಿನ ಗಣಿಗಳಿಂದ ಆರ್ಕಿಯಾಪ್ಟೆರಿಕ್ಸ್ ಹೊರಬಂತು. ಸುಮಾರು 15 ಕೋಟಿ ವರ್ಷ ಹಳೆಯದು. ರೆಕ್ಕೆ, ಗರಿ ಹಕ್ಕಿಯವು. ಆದರೆ ಬಾಯಲ್ಲಿ ಹಲ್ಲು, ರೆಕ್ಕೆಯ ತುದಿಗೆ ಉಗುರಿನ ಮೂರು ಬೆರಳು, ಹಿಂದೆ ಎಲುಬಿನ ಉದ್ದ ಬಾಲ. ಇಂಗ್ಲೆಂಡಿನ ಥಾಮಸ್ ಹಕ್ಸ್ಲಿ ಅದೇ ದಶಕದ ಕೊನೆಗೆ ಹಕ್ಕಿಗಳ ಹಿಂಗಾಲನ್ನೂ ಡೈನೋಸಾರ್‌ಗಳ ಹಿಂಗಾಲನ್ನೂ ಎದುರುಬದುರು ಇಟ್ಟು, ಇವು ಬಂಧುಗಳು ಎಂದು ವಾದಿಸಿದ. ಅವನು ಕಂಡದ್ದನ್ನು ನೀವು ಹಿತ್ತಲದಲ್ಲೇ ನೋಡಬಹುದು. ಹ್ಯಾಟಿಯ ಕಾಲಲ್ಲಿ ಹಿಂದಕ್ಕೆ ಮಡಚುವ ಗಂಟು ಇದೆಯಲ್ಲ, ಅದು ಮೊಣಕಾಲಲ್ಲ, ಹಿಮ್ಮಡಿಯ ಗಂಟು. ಮೊಣಕಾಲು ಮೇಲೆ ಪುಕ್ಕದೊಳಗೆ ಅಡಗಿದೆ. ಅಂದರೆ ಕೋಳಿ ಹಿಮ್ಮಡಿ ಎತ್ತಿಕೊಂಡು ಬೆರಳ ಮೇಲೆ ನಡೆಯುತ್ತದೆ, ಮೂರು ಬೆರಳು ಮುಂದೆ, ಚಿಕ್ಕದೊಂದು ಹಿಂದೆ. ಥೆರೋಪಾಡ್‌ಗಳು ನಡೆಯುತ್ತಿದ್ದದ್ದೂ ಬೆರಳ ಮೇಲೆ, ನೆಲಕ್ಕೆ ಊರುತ್ತಿದ್ದದ್ದೂ ಮೂರು ಬೆರಳು.

ಹಕ್ಸ್ಲಿಯ ಮಾತು ಅಲ್ಲಿಗೇ ಗೆದ್ದಿದ್ದರೆ ಕತೆ ಚಿಕ್ಕದಾಗುತ್ತಿತ್ತು. ಗೆಲ್ಲಲಿಲ್ಲ. ಡೆನ್ಮಾರ್ಕಿನ ಗೆರ್ಹಾರ್ಡ್ ಹೈಲ್ಮನ್ ಎಂಬ ಚಿತ್ರಕಾರ ಹಕ್ಕಿಗಳ ಮೂಲದ ಬಗ್ಗೆ ಬರೆದ ಪುಸ್ತಕ 1926ರಲ್ಲಿ ಇಂಗ್ಲಿಷಿಗೆ ಬಂತು. ಅವನ ಕೆಲಸ ಬಲು ಅಚ್ಚುಕಟ್ಟು. ಎಲುಬಿಗೆ ಎಲುಬು ಹೋಲಿಸಿ, ಹಕ್ಕಿಗೆ ಥೆರೋಪಾಡ್ ಡೈನೋಸಾರ್‌ಗಳಷ್ಟು ಹತ್ತಿರದ್ದು ಬೇರೆ ಯಾವುದೂ ಇಲ್ಲ ಎಂದು ಒಪ್ಪಿದ. ಒಪ್ಪಿಯೂ, ಆದರೆ ಇವು ಪೂರ್ವಜರಾಗಲಾರವು ಎಂದ. ಕಾರಣ ಒಂದೇ ಎಲುಬು.

ಮುಂದಿನ ಸಲ ಮನೆಯಲ್ಲಿ ಜವಾರಿ ಕೋಳಿ ಸಾರು ಮಾಡಿದಾಗ ಎದೆಯ ಮುಂಭಾಗದ ತುಂಡು ನೋಡಿ. ಕತ್ತಿನ ಬುಡದಲ್ಲಿ ಕವೆಯ ಆಕಾರದ ತೆಳ್ಳನೆಯ ಎಲುಬೊಂದು ಸಿಗುತ್ತದೆ. ನಮ್ಮ ಎರಡು ಕೊರಳೆಲುಬುಗಳು ಭುಜದಿಂದ ಭುಜಕ್ಕೆ ಬೇರೆ ಬೇರೆಯಾಗಿವೆ. ಹಕ್ಕಿಯಲ್ಲಿ ಅವೆರಡೂ ಕೂಡಿ ಒಂದಾಗಿ ಈ ಕವೆಯಾಗಿವೆ. ಹೈಲ್ಮನ್ ನೋಡಿದ ಡೈನೋಸಾರ್‌ಗಳಲ್ಲಿ ಕೊರಳೆಲುಬೇ ಕಂಡಿರಲಿಲ್ಲ. ವಿಕಾಸದಲ್ಲಿ ಒಮ್ಮೆ ಕಳೆದುಹೋದ ಅಂಗ ಮತ್ತೆ ಅದೇ ರೂಪದಲ್ಲಿ ಬರುವುದಿಲ್ಲ ಎಂಬುದು ಆ ಕಾಲದ ನಂಬಿಕೆ. ಆದ್ದರಿಂದ ಹಕ್ಕಿಯೂ ಡೈನೋಸಾರೂ ಇನ್ನೂ ಹಳೆಯದಾದ ಯಾವುದೋ ಸರೀಸೃಪದಿಂದ ಬೇರೆ ಬೇರೆಯಾಗಿ ಬಂದಿರಬೇಕು ಎಂದು ತೀರ್ಪು ಕೊಟ್ಟ. ಸುಮಾರು ನಲವತ್ತು ವರ್ಷ ಪಠ್ಯಪುಸ್ತಕಗಳು ಅದನ್ನೇ ಹೇಳಿದವು.

ತಮಾಷೆಯೆಂದರೆ ಆ ಕಳೆದ ಎಲುಬು ಆಗಲೇ ಸಿಕ್ಕಿತ್ತು. ಮಂಗೋಲಿಯಾದ ಗೋಬಿ ಮರುಭೂಮಿಯಿಂದ ಅಮೆರಿಕನ್ನರು ತಂದ ಓವಿರಾಪ್ಟರ್ ಎಂಬ ಡೈನೋಸಾರ್ ಬಗ್ಗೆ 1924ರಲ್ಲೇ ಹೆನ್ರಿ ಆಸ್ಬರ್ನ್ ಬರೆದಿದ್ದ. ಕವೆಯೆಲುಬು ಆ ಅಸ್ಥಿಯಲ್ಲಿತ್ತು, ಅವನ ಬರಹದಲ್ಲೂ ಇತ್ತು. ಆದರೆ ಅದನ್ನು ಅವನು ಬೇರೊಂದು ಎಲುಬೆಂದು ಗುರುತಿಸಿದ. ಡೈನೋಸಾರ್‌ಗೆ ಕೊರಳೆಲುಬು ಇರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿದ್ದುದರಿಂದ ಎದುರಿಗಿದ್ದದ್ದೂ ಕಾಣಲಿಲ್ಲ. ಈಗ ಟೈರನೋಸಾರಸ್ ಸೇರಿದಂತೆ ಥೆರೋಪಾಡ್‌ಗಳ ಎಷ್ಟೋ ಜಾತಿಗಳಲ್ಲಿ ಕವೆಯೆಲುಬು ಸಿಕ್ಕಿದೆ. ನೆಲದ ಮೇಲೆ ಓಡಾಡುತ್ತಿದ್ದ, ಹಾರುವ ಕನಸೂ ಕಾಣದ ಪ್ರಾಣಿಗಳಲ್ಲಿ ಅದಿತ್ತು. ಹಾರಾಟಕ್ಕೆಂದೇ ಹುಟ್ಟಿದ ಎಲುಬು ಎಂದು ನಾವು ತಿಳಿದದ್ದು ಹಾರಾಟಕ್ಕಿಂತ ಬಹಳ ಹಳೆಯದು. ಈ ವಿಷಯದಲ್ಲಿ ನೆನಪಿಡಬೇಕಾದ್ದು ಒಂದಿದ್ದರೆ ಇದೇ: ನಾವು 'ಹಕ್ಕಿಯದು' ಎನ್ನುವ ಸಾಮಾನುಗಳೆಲ್ಲ ಒಂದೊಂದಾಗಿ, ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕೆಲಸಕ್ಕೆ ಡೈನೋಸಾರ್‌ಗಳಲ್ಲಿ ಜಮೆಯಾದವು. ಹಾರಾಟ ತಡವಾಗಿ ಬಂದು, ಇದ್ದದ್ದನ್ನು ಬಳಸಿಕೊಂಡಿತು.

ಗಾಳಿ ತಿರುಗಿದ್ದು 1964ರಲ್ಲಿ. ಅಮೆರಿಕದ ಮೊಂಟಾನಾದಲ್ಲಿ ಜಾನ್ ಆಸ್ಟ್ರಮ್ ಎಂಬ ವಿಜ್ಞಾನಿಗೆ ಡೈನೊನಿಕಸ್ ಸಿಕ್ಕಿತು. ಸುಮಾರು ಮೂರು ಮೀಟರ್ ಉದ್ದ, ಹಗುರ ಮೈ, ಕಾಲಿಗೆ ಕುಡುಗೋಲಿನ ಆಕಾರದ ಉಗುರು, ಚುರುಕಾದ ಬೇಟೆಗಾರ. ಆಸ್ಟ್ರಮ್‌ನ ಕಣ್ಣು ನೆಟ್ಟಿದ್ದು ಅದರ ಮಣಿಕಟ್ಟಿನ ಮೇಲೆ. ಅಲ್ಲಿ ಅರ್ಧಚಂದ್ರದ ಆಕಾರದ ಚಿಕ್ಕ ಎಲುಬೊಂದಿತ್ತು. ಅದರ ದೆಸೆಯಿಂದ ಕೈ ಮೇಲೆ ಕೆಳಗೆ ಆಡುವುದಕ್ಕಿಂತ ಹೆಚ್ಚಾಗಿ ಪಕ್ಕಕ್ಕೆ, ಮುಂಗೈಯ ಹೊರಬದಿಗೆ ಮಡಚಿಕೊಳ್ಳುತ್ತಿತ್ತು. ನಿಮ್ಮ ಹ್ಯಾಟಿಯ ರೆಕ್ಕೆಯನ್ನು ಮೆಲ್ಲಗೆ ಬಿಡಿಸಿ, ಮತ್ತೆ ಮಡಚಲು ಬಿಡಿ. ತುದಿಭಾಗ ಹಿಂದಕ್ಕೆ ಸರಿದು ಮುಂಗೈಗೆ ಒತ್ತಿಕೊಳ್ಳುವುದು ಇದೇ ಕೀಲಿನಿಂದ. ಬೇಟೆ ಹಿಡಿಯಲು ಕೈ ಚಾಚಿ ಸೆಳೆಯುವ ಚಲನೆ ರೆಕ್ಕೆ ಬಡಿಯುವ ಚಲನೆಯ ಮುನ್ನುಡಿಯಾಗಿತ್ತೆಂದು ಆಸ್ಟ್ರಮ್ 1970ರ ದಶಕದಲ್ಲಿ ಬರೆದ.

ಗರಿಗಿಂತ ಎಲುಬು ಮೇಲು ಎಂದೆನಲ್ಲ, ಅದಕ್ಕೆ ಸಾಕ್ಷಿ ಜರ್ಮನಿಯ ಐಶ್ಟೆಟ್‌ನಲ್ಲಿದೆ. 1951ರಲ್ಲಿ ಸಿಕ್ಕ ಚಿಕ್ಕ ಅಸ್ಥಿಯೊಂದು ಎರಡು ದಶಕ ಕಾಂಪ್ಸೊಗ್ನಾಥಸ್ ಎಂಬ ಪುಟ್ಟ ಡೈನೋಸಾರ್ ಎಂದೇ ಇತ್ತು. ಗರಿಯ ಮಸುಕು ಗುರುತು ಯಾರ ಕಣ್ಣಿಗೂ ಬಿದ್ದಿರಲಿಲ್ಲ. 1970ರ ದಶಕದಲ್ಲಿ ಸರಿಯಾಗಿ ನೋಡಿದಾಗ ಅದು ಆರ್ಕಿಯಾಪ್ಟೆರಿಕ್ಸ್! ಗರಿ ಮರೆಯಾದರೆ 'ಮೊದಲ ಹಕ್ಕಿ'ಯನ್ನು ಬಲ್ಲವರೇ ಡೈನೋಸಾರ್ ಎನ್ನುತ್ತಾರೆ. ಇದಕ್ಕಿಂತ ನೇರ ಪರೀಕ್ಷೆಯನ್ನು ಯಾರೂ ಬೇಕೆಂದು ಏರ್ಪಡಿಸಲಾರರು.

ಇನ್ನು ಗರಿ. 1996ರಲ್ಲಿ ಚೀನಾದ ಲಿಯಾವೊನಿಂಗ್ ಪ್ರಾಂತ್ಯದಿಂದ ಸೈನೊಸಾರಾಪ್ಟೆರಿಕ್ಸ್ ಎಂಬ ಚಿಕ್ಕ ಡೈನೋಸಾರ್ ಬಂತು. ಬೆನ್ನ ಹುರಿಯುದ್ದಕ್ಕೂ ಬಾಲದವರೆಗೂ ನುಣ್ಣನೆಯ ತುಪ್ಪಳದ ಗುರುತು. ಆ ವರ್ಷ ನ್ಯೂಯಾರ್ಕಿನ ಸಭೆಯಲ್ಲಿ ಅದರ ಫೋಟೋ ಕೈಯಿಂದ ಕೈಗೆ ಹೋಯಿತು. ನೋಡಿದವರಲ್ಲಿ ಆಸ್ಟ್ರಮ್ ಕೂಡ ಇದ್ದ. ಲಿಯಾವೊನಿಂಗ್‌ನಲ್ಲಿ ಸುಮಾರು 12.5 ಕೋಟಿ ವರ್ಷಗಳ ಹಿಂದೆ ಕೆರೆಗಳಿದ್ದವು, ಪಕ್ಕದಲ್ಲಿ ಜ್ವಾಲಾಮುಖಿಗಳಿದ್ದವು. ಸತ್ತು ಕೆರೆಯ ತಳಕ್ಕೆ ಬಿದ್ದ ಪ್ರಾಣಿಯನ್ನು ಹಿಟ್ಟಿನಂಥ ಬೂದಿ ಮುಚ್ಚಿ, ಗರಿಯ ಎಳೆ ಕೂಡ ಉಳಿಯಿತು. ಆಮೇಲೆ ಬಂದವು ಒಂದೆರಡಲ್ಲ. ಕಾಡಿಪ್ಟೆರಿಕ್ಸ್‌ಗೆ ಬಾಲದ ತುದಿಗೆ ಬೀಸಣಿಗೆ. ಮೈಕ್ರೋರಾಪ್ಟರ್‌ಗೆ ಕೈಗೂ ಕಾಲಿಗೂ ರೆಕ್ಕೆ. 2012ರಲ್ಲಿ ವರದಿಯಾದ ಯೂಟಿರಾನಸ್ ಒಂಬತ್ತು ಮೀಟರ್ ಉದ್ದವಿದ್ದೂ ಮೈತುಂಬ ಪುಕ್ಕ. ಬಣ್ಣ ಕೂಡ ಗೊತ್ತಾಗಿದೆ. ಗರಿಯೊಳಗಿನ ಬಣ್ಣದ ಕಣಗಳ ಆಕಾರ ಕಲ್ಲಿನಲ್ಲೂ ಉಳಿದಿರುತ್ತದೆ. 2010ರಲ್ಲಿ ಅದನ್ನು ಓದಿ ಸೈನೊಸಾರಾಪ್ಟೆರಿಕ್ಸ್‌ನ ಬಾಲಕ್ಕೆ ಕೆಂಗಂದು ಮತ್ತು ಬಿಳಿಯ ಪಟ್ಟೆಗಳಿದ್ದವೆಂದು ಹೇಳಿದರು. ಮೈಕ್ರೋರಾಪ್ಟರ್ ಕಾಗೆಗಪ್ಪು, ಅದರ ಮೇಲೆ ಮಿರುಗು.

ಹಾರದ ಪ್ರಾಣಿಗೆ ಗರಿ ಯಾಕೆ ಎಂದು ಮಗಳು ಕೇಳಿಯೇ ಕೇಳುತ್ತಾಳೆ. ಹಾವೇರಿ ಜಿಲ್ಲೆಯ ಬಂಕಾಪುರ ಕೋಟೆಯ ನವಿಲುಧಾಮಕ್ಕೆ ಕರೆದೊಯ್ಯಿರಿ. ಗಂಡು ನವಿಲಿನ ಆ ಉದ್ದ ಗರಿಗಳು ಹಾರಾಟಕ್ಕೆ ಅಡ್ಡಿಯೇ ಹೊರತು ಸಹಾಯವಲ್ಲ. ಹೆಣ್ಣಿನ ಕಣ್ಣಿಗೆ ಬೀಳುವುದಕ್ಕಾಗಿ ಅವು. ಹೊತ್ತು ಮುಳುಗುವಾಗ ಅವೇ ನವಿಲುಗಳು ಪುಕ್ಕ ಉಬ್ಬಿಸಿ ಬೆಚ್ಚಗೆ ಕೂರುತ್ತವೆ. ತೋರಿಕೆ, ಬೆಚ್ಚಗಿರುವುದು, ತತ್ತಿ ಮುಚ್ಚುವುದು: ಗರಿ ಹುಟ್ಟಲು ಇಷ್ಟು ಕಾರಣ ಸಾಕು. ಹಾಗೆಂದು ಎಲ್ಲ ಡೈನೋಸಾರ್‌ಗಳಿಗೂ ಪುಕ್ಕ ಅಂಟಿಸಬೇಡಿ. ಉದ್ದ ಕತ್ತಿನ ಸಸ್ಯಾಹಾರಿಗಳ ಚರ್ಮದ ಅಚ್ಚುಗಳಲ್ಲಿ ಹುರುಪೆಯೇ ಇದೆ. ಟೈರನೋಸಾರಸ್‌ನ ಸಿಕ್ಕ ಚರ್ಮದ ತುಣುಕುಗಳಲ್ಲೂ ಹುರುಪೆ. ನೀವು ಪುಸ್ತಕದಲ್ಲಿ ಕಂಡ ಚಿತ್ರ ಪೂರಾ ಸುಳ್ಳಲ್ಲ. ಹ್ಯಾಟಿಯ ಕಾಲು ನೋಡಿ, ಅಲ್ಲಿ ಹುರುಪೆ ಈಗಲೂ ಇದೆ.

ನನ್ನ ಮಟ್ಟಿಗೆ ಗರಿಗಿಂತಲೂ ಬೆರಗಿನದು ಉಸಿರಾಟ. ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಂಡುಹಿಂಡಾಗಿ ಬರುವುದನ್ನು ನೀವು ನೋಡಿಯೇ ಇರುತ್ತೀರಿ. ಹಿಮಾಲಯ ದಾಟಿ ಬರುವ ಹಕ್ಕಿಗಳವು. 7,000 ಮೀಟರಿಗೂ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ನಾವಾದರೆ ಆ ಎತ್ತರದಲ್ಲಿ ನಾಲ್ಕು ಹೆಜ್ಜೆಗೆ ಏದುಸಿರು ಬಿಡುತ್ತೇವೆ. ನಮ್ಮ ಶ್ವಾಸಕೋಶದಲ್ಲಿ ಗಾಳಿ ಹೋದ ದಾರಿಯಲ್ಲೇ ಹಿಂದಿರುಗಬೇಕು, ಹಾಗಾಗಿ ಹಳೆ ಗಾಳಿ ಹೊಸದರೊಂದಿಗೆ ಬೆರೆಯುತ್ತದೆ. ಹಕ್ಕಿಯ ಮೈಯೊಳಗೆ ಶ್ವಾಸಕೋಶದ ಹಿಂದೆ ಮುಂದೆ ಗಾಳಿಚೀಲಗಳಿವೆ. ಅವು ತಿದಿಯ ಕೆಲಸ ಮಾಡಿ ಗಾಳಿಯನ್ನು ಶ್ವಾಸಕೋಶದ ಮೂಲಕ ಒಂದೇ ದಿಕ್ಕಿನಲ್ಲಿ ಹಾಯಿಸುತ್ತವೆ. ಉಸಿರು ಒಳಗೆಳೆದಾಗಲೂ ಹೊರಬಿಟ್ಟಾಗಲೂ ಶ್ವಾಸಕೋಶಕ್ಕೆ ತಾಜಾ ಗಾಳಿ. ಈ ಚೀಲಗಳ ಕವಲುಗಳು ಎಲುಬಿನೊಳಗೂ ನುಗ್ಗಿ ಅದನ್ನು ಪೊಳ್ಳು ಮಾಡುತ್ತವೆ, ಎಲುಬಿನ ಮೇಲೆ ತೂತು ಉಳಿಯುತ್ತದೆ. ಚೀಲ ಕೊಳೆತು ಹೋಗುತ್ತದೆ, ತೂತು ಕಲ್ಲಾಗಿ ಉಳಿಯುತ್ತದೆ. ಮಡಗಾಸ್ಕರಿನ ಮಜುಂಗಸಾರಸ್ ಎಂಬ ಡೈನೋಸಾರ್‌ನ ಬೆನ್ನೆಲುಬಿನ ತೂತುಗಳು ಇಂದಿನ ಹಕ್ಕಿಗಳ ತೂತುಗಳೊಂದಿಗೆ ಸರಿಹೊಂದುತ್ತವೆಂದು 2005ರಲ್ಲಿ ತೋರಿಸಿದರು. ಅದೇ ಕುಲದ ಬಂಧು ನಮ್ಮ ದೇಶದ್ದೇ ಇದೆ: ಗುಜರಾತಿನ ನರ್ಮದಾ ಪ್ರದೇಶದ ರಾಜಾಸಾರಸ್, 2003ರಲ್ಲಿ ಹೆಸರು ಪಡೆದದ್ದು. ಹೆಬ್ಬಾತಿನ ಹಿಮಾಲಯದ ಯಾತ್ರೆಗೆ ಬೇಕಾದ ಉಸಿರಿನ ಏರ್ಪಾಡು ಹಾರಲಾರದ ಆ ದೈತ್ಯರ ಕಾಲದಿಂದ ಬಂದದ್ದು.

ತತ್ತಿಯ ಮಾತೂ ಆಗಲಿ, ಕೋಳಿ ಸಾಕುವವರಿಗೆ ಇದು ಬೇಗ ಹಿಡಿಸುತ್ತದೆ. ಮೇಲೆ ಹೇಳಿದ ಓವಿರಾಪ್ಟರ್ ತತ್ತಿಗಳ ಗೂಡಿನ ಮೇಲೆ ಸಿಕ್ಕಿತ್ತು. ಅದನ್ನು ಕಳ್ಳತನಕ್ಕೆ ಬಂದದ್ದೆಂದು ಎಪ್ಪತ್ತು ವರ್ಷ ಬೈದದ್ದೇ ಬಂತು. 1993ರಲ್ಲಿ ಅಂಥದೇ ತತ್ತಿಯೊಳಗೆ ಅದೇ ಕುಲದ ಭ್ರೂಣ ಸಿಕ್ಕಾಗ ಆಪಾದನೆ ಬಿತ್ತು. ಆಮೇಲೆ ಗೋಬಿಯಲ್ಲಿ ತತ್ತಿಗಳ ಸುತ್ತ ಕೈ ಚಾಚಿ, ಕಾವಿಗೆ ಕೂತ ಭಂಗಿಯಲ್ಲೇ ಮರಳಲ್ಲಿ ಹೂತುಹೋದ ತಾಯಿಗಳೋ ತಂದೆಗಳೋ ಸಿಕ್ಕವು. ಹ್ಯಾಟಿ ತತ್ತಿ ಇಡುವ ಕಾಲಕ್ಕೆ ಚಿಪ್ಪಿಗೆ ಬೇಕಾದ ಸುಣ್ಣವನ್ನು ಕಾಲೆಲುಬಿನ ಒಳಗೋಡೆಗೆ ವಿಶೇಷ ಪದರವಾಗಿ ಕೂಡಿಡುತ್ತದೆ. ಅಂಥ ಪದರ ಟೈರನೋಸಾರಸ್‌ನ ತೊಡೆಯೆಲುಬಿನಲ್ಲಿ ಕಂಡಿತೆಂದು 2005ರಲ್ಲಿ ಮೇರಿ ಶ್ವೈಟ್ಸರ್ ಬರೆದರು. ತತ್ತಿ ಇಡುವ ಹೊತ್ತಿನಲ್ಲಿ ಸತ್ತ ಹೆಣ್ಣು ಅದು. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ಉದ್ದ ಕತ್ತಿನ ಡೈನೋಸಾರ್‌ಗಳ 92 ಗೂಡು, 256 ತತ್ತಿಗಳ ವಿವರ 2023ರಲ್ಲಿ ಪ್ರಕಟವಾಯಿತು. ಅದೇ ಜಿಲ್ಲೆಯಿಂದ ಹಿಂದಿನ ವರ್ಷ ಬಂದ ವರದಿ ಇನ್ನೂ ಸ್ವಾರಸ್ಯದ್ದು: ತತ್ತಿಯೊಳಗೊಂದು ತತ್ತಿ. ಕೋಳಿ ಸಾಕುವವರಿಗೆ ಎಲ್ಲೋ ಅಪರೂಪಕ್ಕೆ ಕಾಣಸಿಗುವ ಈ ದೋಷ ಅಲ್ಲಿಯವರೆಗೆ ಹಕ್ಕಿಗಳಲ್ಲಷ್ಟೇ ಗೊತ್ತಿತ್ತು.

ಹಾಗಾದರೆ ಇದಕ್ಕೆ ಎದುರು ಮಾತೇ ಇಲ್ಲವೇ? ಇತ್ತು, ಗಟ್ಟಿಯಾಗಿಯೇ ಇತ್ತು. ಅಮೆರಿಕದ ಪಕ್ಷಿತಜ್ಞ ಅಲನ್ ಫೆಡೂಚಿಯಾ ಕೊನೆಯವರೆಗೂ ಒಪ್ಪದವರಲ್ಲಿ ಪ್ರಮುಖ. ಒಂದು ತಕರಾರು ಕಾಲದ್ದು: ಹಕ್ಕಿಗೆ ತೀರ ಹತ್ತಿರದ ಡೈನೋಸಾರ್‌ಗಳು ಆರ್ಕಿಯಾಪ್ಟೆರಿಕ್ಸ್‌ಗಿಂತ ಈಚಿನವು, ಅಜ್ಜ ಮೊಮ್ಮಗನಿಗಿಂತ ಚಿಕ್ಕವನಾಗುವುದು ಹೇಗೆ? ಇವು ಅಜ್ಜಂದಿರಲ್ಲ, ದಾಯಾದಿಗಳು ಎನ್ನುವುದೇ ಸಾಕಾದ ಉತ್ತರ. ಸಾಲದವರಿಗೆ 2009ರಲ್ಲಿ ಆಂಕಿಯೋರ್ನಿಸ್ ಸಿಕ್ಕಿತು, ಗರಿ ತುಂಬಿದ್ದು, ಸುಮಾರು 16 ಕೋಟಿ ವರ್ಷದ್ದು, ಆರ್ಕಿಯಾಪ್ಟೆರಿಕ್ಸ್‌ಗಿಂತ ಹಿರಿಯದು. ಇನ್ನೊಂದು ತಕರಾರು ಬೆರಳಿನದು, ನನಗೆ ಅದೇ ನಿಜವಾದ ಒಗಟು. ಥೆರೋಪಾಡ್‌ಗಳಲ್ಲಿ ಹೊರಗಿನ ಎರಡು ಬೆರಳು ಸವೆದು ಹೋಗಿ ಹೆಬ್ಬೆರಳಿನಿಂದ ಮೂರು ಉಳಿದವು: 1, 2, 3. ಕೋಳಿಯ ಭ್ರೂಣದಲ್ಲಿ ಬೆರಳುಗಳು ಮೊಳೆಯುವ ಜಾಗ ನೋಡಿದರೆ 2, 3, 4. ಬೇರೆ ಬೇರೆ ಬೆರಳುಗಳಾದರೆ ಬಂಧುತ್ವ ಕಷ್ಟ. ಬೆರಳು ಮೊಳೆಯುವ ಜಾಗ ಮತ್ತು ಯಾವ ಬೆರಳಾಗಬೇಕೆಂಬ ಆಜ್ಞೆ ಎರಡೂ ಬೇರೆ ಬೇರೆ ಸಂಗತಿ, ಒಂದರಿಂದ ಇನ್ನೊಂದು ಸರಿಯಬಹುದು ಎಂಬ ವಿವರಣೆ 1999ರಲ್ಲಿ ಬಂತು. 2011ರಲ್ಲಿ ಜಪಾನಿನ ಪ್ರಯೋಗಾಲಯವೊಂದು ಕೋಳಿಯ ಭ್ರೂಣದಲ್ಲೇ ಪ್ರಯೋಗ ಮಾಡಿ, ರೆಕ್ಕೆಯ ಬೆರಳುಗಳು 1, 2, 3 ಆಗಿಯೇ ಬೆಳೆಯುತ್ತವೆಂದು ತೋರಿಸಿತು. ಸೂಕ್ಷ್ಮಗಳ ಬಗ್ಗೆ ಇನ್ನೂ ಜಗ್ಗಾಟವಿದೆ, ಬಂಧುತ್ವದ ಬಗ್ಗೆ ಇಲ್ಲ.

ಮೋಸವೂ ನಡೆದಿದೆ. 1999ರಲ್ಲಿ ಹಕ್ಕಿಯ ಮೈಗೆ ಡೈನೋಸಾರ್ ಬಾಲ ಅಂಟಿಸಿದ ಚೀನೀ ಕಲ್ಲೊಂದನ್ನು ಹೆಸರಾಂತ ಪತ್ರಿಕೆಯೊಂದು ದೊಡ್ಡದಾಗಿ ಹಾಕಿ ಕೆಲವೇ ತಿಂಗಳಲ್ಲಿ ಹಿಂತೆಗೆದುಕೊಂಡಿತು. ಬಯಲು ಮಾಡಿದವರು ಪಳೆಯುಳಿಕೆ ತಜ್ಞರೇ. ಅಂತರ್ಜಾಲದಲ್ಲಿ ಈ ಒಂದು ಪ್ರಸಂಗ ಹಿಡಿದುಕೊಂಡು ಎಲ್ಲವೂ ಸುಳ್ಳು ಎನ್ನುವವರು ಸಿಕ್ಕರೆ, ಆ ಬಾಲ ಆಮೇಲೆ ಏನಾಯಿತೆಂದು ಕೇಳಿ. ಅದು ಮೈಕ್ರೋರಾಪ್ಟರ್‌ನದು, ಅಸಲಿ.

ಒಂದು ನಗೆಯ ಸಂಗತಿ ಹೇಳದೆ ಮುಂದೆ ಹೋಗಲಾರೆ. ಚಿಲಿ ದೇಶದ ವಿಜ್ಞಾನಿಗಳು 2014ರಲ್ಲಿ ಕೋಳಿಮರಿಗಳ ಹಿಂಬದಿಗೆ ಕೋಲಿನ ಕೃತಕ ಬಾಲ ಕಟ್ಟಿ ಬೆಳೆಸಿದರು. ತೂಕ ಹಿಂದಕ್ಕೆ ಸರಿದದ್ದರಿಂದ ಅವು ತೊಡೆಯನ್ನು ಹೆಚ್ಚು ನೆಟ್ಟಗೆ ಹಿಡಿದು, ಹಳೆಯ ಥೆರೋಪಾಡ್‌ಗಳು ನಡೆಯುತ್ತಿದ್ದಿರಬಹುದಾದ ರೀತಿಯಲ್ಲಿ ನಡೆದವು. ನಗಿಸುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಅವರಿಗೆ ಸಿಕ್ಕಿತು. ಮಗಳಿಗೆ ಹೇಳಿ, ಆದರೆ ಹಿತ್ತಲದಲ್ಲಿ ಪ್ರಯೋಗ ಬೇಡ.

ಉಳಿದದ್ದು ಹೇಗೆ? 6.6 ಕೋಟಿ ವರ್ಷಗಳ ಹಿಂದೆ ಸುಮಾರು 10 ಕಿಲೋಮೀಟರ್ ಅಗಲದ ಕ್ಷುದ್ರಗ್ರಹ ಈಗಿನ ಮೆಕ್ಸಿಕೋದ ಚಿಕ್ಸುಲುಬ್ ಬಳಿ ಬಡಿದಾಗ ಹಕ್ಕಿಗಳೂ ಬಹುಪಾಲು ಸತ್ತವು. ಹಲ್ಲಿದ್ದ ಹಕ್ಕಿಗಳು, ಮರದ ಮೇಲೆ ಬದುಕುತ್ತಿದ್ದವು ಹೋದವು. ಕಾಡುಗಳೇ ಸುಟ್ಟು ಕುಸಿದಿದ್ದವು. ಚಿಕ್ಕ ಮೈಯ, ಕೊಕ್ಕಿನ, ನೆಲದ ಮೇಲೆ ಕೆದಕಿ ತಿನ್ನಬಲ್ಲ ಕೆಲವು ಉಳಿದವು. ಹಸಿರೆಲ್ಲ ಸತ್ತರೂ ಮಣ್ಣಿನಲ್ಲಿ ಬೀಜ ಇದ್ದೇ ಇರುತ್ತದೆ ಎಂಬುದು ಒಂದು ಒಪ್ಪುವಂಥ ವಿವರಣೆ. ಬೆಲ್ಜಿಯಂನಲ್ಲಿ ಸಿಕ್ಕಿ 2020ರಲ್ಲಿ ಪ್ರಕಟವಾದ ಆಸ್ಟೀರಿಯಾರ್ನಿಸ್ ಎಂಬ ಹಕ್ಕಿ ಆ ಪ್ರಳಯಕ್ಕೆ ಸ್ವಲ್ಪವೇ ಮೊದಲು ಬದುಕಿತ್ತು. ಅದರ ತಲೆಬುರುಡೆಯಲ್ಲಿ ಕೋಳಿಯ ಗುಣವೂ ಬಾತಿನ ಗುಣವೂ ಬೆರೆತಿವೆ. ಮಾಗಡಿಯ ಹೆಬ್ಬಾತೂ ನಿಮ್ಮ ಹ್ಯಾಟಿಯೂ ಅಂಥದೊಂದು ಬೇರಿನಿಂದ ಬಂದವು.

ಅದೇ ಕಾಲಕ್ಕೆ ನಮ್ಮ ಕಡೆ ಲಾವಾ ಹರಿಯುತ್ತಿತ್ತು. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಿನ ಕರಿಕಲ್ಲು ಆ ದಖನ್ ಲಾವಾದ್ದೇ. ಗೋಳಗುಮ್ಮಟ ಕಟ್ಟಿದ್ದು ಅದರಿಂದ. ಡೈನೋಸಾರ್‌ಗಳ ನಾಶದಲ್ಲಿ ಈ ಲಾವಾದ ಪಾಲೆಷ್ಟು ಎಂಬ ವಾದ ಮುಗಿದಿಲ್ಲ. ಮುಖ್ಯ ಹೊಡೆತ ಆಕಾಶದ್ದೇ ಎಂಬ ಕಡೆ ನನ್ನ ಒಲವು.

ಇನ್ನು ಕಪ್ಪತಗುಡ್ಡ. ಸಿಗುವುದಿಲ್ಲ, ಹುಡುಕಿ ದಣಿಯಬೇಡಿ. ಗುಡ್ಡ ಸಣ್ಣದೆಂದಲ್ಲ, ವಯಸ್ಸು ಅತಿಯಾಯಿತು. 19ನೇ ಶತಮಾನದ ಕೊನೆಗೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯ ಕಲ್ಲುಗಳಿಗೆ ಧಾರವಾಡದ ಹೆಸರನ್ನೇ ಇಟ್ಟ. ಇವತ್ತಿಗೂ ಜಗತ್ತಿನ ಭೂವಿಜ್ಞಾನಿಗಳಿಗೆಲ್ಲ 'ಧಾರವಾಡ' ಎಂದರೆ ಮೊದಲು ಹಳೆಯ ಕಲ್ಲು, ಆಮೇಲೆ ಪೇಡೆ. ಗದಗಿನ ಬಂಗಾರದ ಅದಿರು ಇರುವ ಈ ಪಟ್ಟಿಯ ಕಲ್ಲುಗಳು 250 ಕೋಟಿ ವರ್ಷಕ್ಕೂ ಹಳೆಯವು. ಡೈನೋಸಾರ್‌ಗಳು ಹುಟ್ಟಿದ್ದು ಸುಮಾರು 23 ಕೋಟಿ ವರ್ಷದ ಹಿಂದೆ. ಈ ಕಲ್ಲುಗಳು ರೂಪುಗೊಂಡಾಗ ಎಲುಬಿರುವ ಪ್ರಾಣಿ ಹೋಗಲಿ, ಪ್ರಾಣಿ ಎನ್ನುವಂಥದ್ದೇ ಇರಲಿಲ್ಲ. ಬಾದಾಮಿಯ ಮರಳುಗಲ್ಲು ಕೂಡ ಡೈನೋಸಾರ್‌ಗಳಿಗಿಂತ ಬಹಳ ಹಿರಿಯದು. ತತ್ತಿಯ ಆಕಾರದ ಗುಂಡುಕಲ್ಲಿನ ಫೋಟೋ ಕಳಿಸುವವರು ಆಗಾಗ ಇರುತ್ತಾರೆ. ಬಿಸಿಲು ಮಳೆಗೆ ಸಿಪ್ಪೆಸಿಪ್ಪೆಯಾಗಿ ಎದ್ದ ಕಲ್ಲು ಗುಂಡಗಾಗುವುದು ಸಹಜ, ಅದನ್ನು ತತ್ತಿಯೆಂದು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ.

ನಿಜವಾದ ಅಸ್ಥಿ ನೋಡಬೇಕೆಂದರೆ ನಮಗೆ ಹತ್ತಿರದ್ದು ಹೈದರಾಬಾದಿನ ಬಿರ್ಲಾ ವಿಜ್ಞಾನ ಕೇಂದ್ರ. ತೆಲಂಗಾಣದ ಹಳೆಯ ಅದಿಲಾಬಾದ್ ಜಿಲ್ಲೆಯ ಯಾಮನಪಲ್ಲಿ ಬಳಿ ಅಗೆದು ತೆಗೆದ ಕೋಟಾಸಾರಸ್‌ನ್ನು ಅಲ್ಲಿ ನಿಲ್ಲಿಸಿದ್ದಾರೆ. ಅದು ಉದ್ದ ಕತ್ತಿನ ಸಸ್ಯಾಹಾರಿ, ಹ್ಯಾಟಿಯ ನೇರ ಸಾಲಿನದಲ್ಲ. ಆದರೂ ಹೋಗುವ ಮೊದಲು ಮನೆಯಲ್ಲಿ ಕೋಳಿಯ ಕಾಲು, ರೆಕ್ಕೆ, ಕವೆಯೆಲುಬುಗಳನ್ನು ಬೇಯಿಸಿ ತೊಳೆದು ಒಣಗಿಸಿ ಒಂದು ಡಬ್ಬಿಯಲ್ಲಿ ಮಗಳ ಕೈಗೆ ಕೊಡಿ. ಅಲ್ಲಿ ನಿಂತು ತೊಡೆ ಯಾವುದು, ಹಿಮ್ಮಡಿ ಯಾವುದು ಎಂದು ಒಂದೊಂದೇ ತೋರಿಸುವ ಕೆಲಸ ಅವಳಿಗಿರಲಿ, ಕೇಳುವ ಕೆಲಸ ನಿಮಗೆ.